ಬಿಸಿನೀರಿನ ಕುಂಡದಲ್ಲಿ ಯಾರ್‍ಯಾರಿದ್ದಾರೆ?

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿರುವ ನಿಮ್ಮಲ್ಲಿ ಲಸುಂದ್ರಾ, ಟುವಾ ಅಥವಾ ಉನಾಯಿಯ ಬಿಸಿನೀರಿನ ಕುಂಡಗಳಲ್ಲಿ ಮಿಂದು ಬಂದವರು ಇದ್ದೇ ಇರುತ್ತೀರಿ. ಪುತ್ತೂರು ಕಡೆಯವರಿಗಂತೂ ಬೆಂದ್ರ್ ತೀರ್ಥ ಗೊತ್ತು. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರೇ. ಮಳೆನೀರು ಬಂಡೆಯ ಬಿರುಕಿನಲ್ಲಿ ಆಳಕ್ಕಿಳಿದು, ಭೂಮಿಯ ಒಳಶಾಖಕ್ಕೆ ಕಾದು, ಮತ್ತೆ ಮೇಲೆ ಬರುತ್ತದೆ, ಅಷ್ಟೆ.

ಆದರೆ ಆ ನೀರು ಖಾಲಿ ಅಂದುಕೊಳ್ಳಬೇಡಿ. ಅದೊಂದು ಜನನಿಬಿಡ ಪೇಟೆ!

ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಹಾಗಾಗಿ ನೀರಿನಲ್ಲಿರುವ ಅಷ್ಟೂ ಡಿಎನ್‌ಎಯನ್ನು ಒಟ್ಟಿಗೆ ಹೊರತೆಗೆದು ಓದುವ ಕ್ರಮ ಬಂತು. ಖೇಡಾ ಜಿಲ್ಲೆಯ ಲಸುಂದ್ರಾದಲ್ಲಿ ಗುಜರಾತಿನ ಸಂಶೋಧಕರು ಹೀಗೆ ಓದಿ 2015ರಲ್ಲಿ ಪ್ರಕಟಿಸಿದರು. ಆರು ಲಕ್ಷಕ್ಕೂ ಹೆಚ್ಚು ಡಿಎನ್‌ಎ ತುಣುಕುಗಳು, ಬ್ಯಾಕ್ಟೀರಿಯಾದ 29 ದೊಡ್ಡ ಪಂಗಡಗಳು! ಭಾರೀ ಬಹುಮತ ಮಾತ್ರ ಬ್ಯಾಸಿಲಸ್‌ನದು, ನೂರಕ್ಕೆ ಸುಮಾರು 87. (ನಿಮ್ಮ ಬಟ್ಟೆ ಒಗೆಯುವ ಪುಡಿಯಲ್ಲಿ ಕಲೆ ತೆಗೆಯುವ ಕಿಣ್ವ ಇದೆಯಲ್ಲ, ಅದೂ ಹೆಚ್ಚಾಗಿ ಇದೇ ಬಳಗದ ಕೊಡುಗೆ.) ಉಳಿದ ಪುಟ್ಟ ಪಾಲಿನಲ್ಲೇ ನನಗೆ ಕುತೂಹಲ. ಅಲ್ಲಿನ ಜೀನ್‌ಗಳಲ್ಲಿ ಸುಮಾರು ಐದನೇ ಒಂದು ಭಾಗದ ಕೆಲಸವೇನೆಂದು ಸರಿಯಾಗಿ ತಿಳಿದೇ ಇರಲಿಲ್ಲ.

ಒಂದೊಂದು ಶಾಖಕ್ಕೆ ಒಂದೊಂದು ನಿವಾಸಿ. ಬೆಳಕುಂಡು ಬದುಕುವ ಹಸಿರು ಬ್ಯಾಕ್ಟೀರಿಯಾಗಳಿಗೆ ಸುಮಾರು 73 ಡಿಗ್ರಿಯೇ ಮೇರೆ. ಅದಕ್ಕಿಂತ ಬಿಸಿಯಲ್ಲಿ ಗಂಧಕ, ಜಲಜನಕದಂಥವನ್ನೇ ಉಣ್ಣುವ ಜೀವಿಗಳೂ ಇವೆ. ಮೊಟ್ಟೆಯ ಬಿಳಿ ಕಾದರೆ ಗಟ್ಟಿಯಾಗುತ್ತದಲ್ಲ, ಇವುಗಳ ಪ್ರೋಟೀನು ಹಾಗಾಗದಂತೆ ಬಿಗಿಯಾಗಿ ಹೆಣೆದುಕೊಂಡಿರುತ್ತದೆ.

ಈ ಬಿಗಿಯೇ ನಮ್ಮ ಕೈಹಿಡಿದದ್ದು. ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಯಿಂದ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾ ತೆಗೆದು 1969ರಲ್ಲಿ ವರ್ಣಿಸಿದರು. ಪಿಸಿಆರ್ ಪರೀಕ್ಷೆಯಲ್ಲಿ ಡಿಎನ್‌ಎಯನ್ನು ಮತ್ತೆಮತ್ತೆ 95 ಡಿಗ್ರಿಯವರೆಗೆ ಕಾಯಿಸಬೇಕು. ಮಾಮೂಲಿ ಕಿಣ್ವ ಕೆಟ್ಟುಹೋಗುತ್ತದೆ, ಇದರದು ಉಳಿಯುತ್ತದೆ. 2020ರಲ್ಲಿ ಕೋವಿಡ್ ಪರೀಕ್ಷೆಗೆ ಮೂಗೊಡ್ಡಿ ನಿಂತ ನಾವೆಲ್ಲ ಇಂಥ ಕಿಣ್ವದ ಋಣದಲ್ಲಿದ್ದೇವೆ. ಪಿಸಿಆರ್ ಹಕ್ಕು 1991ರಲ್ಲಿ 30 ಕೋಟಿ ಡಾಲರಿಗೆ ಮಾರಾಟವಾಯಿತು. ಯೆಲ್ಲೋಸ್ಟೋನ್ ಉದ್ಯಾನಕ್ಕೆ ಬಿಡಿಗಾಸೂ ಬರಲಿಲ್ಲ. ನಮ್ಮಲ್ಲಿ ಹಾಗಾಗದಿರಲೆಂದು 2002ರ ಜೀವವೈವಿಧ್ಯ ಕಾಯಿದೆ ಇದೆ: ವಿದೇಶಿ ಕಂಪನಿ ನಮ್ಮ ಜೀವಿಗಳನ್ನು ಒಯ್ಯಬೇಕಾದರೆ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಬೇಕು. ಆದರೆ ಸಾಬೂನು ನೊರೆಯನ್ನು ಯಾವ ಪ್ರಾಧಿಕಾರ ತಡೆದೀತು? ಸಾಬೂನು, ಶಾಂಪೂ ಕುಂಡಕ್ಕಿಳಿದರೆ ಅಲ್ಲಿನ ನಿವಾಸಿಗಳೇ ಬದಲಾಗುತ್ತಾರೆ, ಯಾರಿದ್ದರೆಂದು ನಾವು ಓದಿ ಮುಗಿಸುವ ಮೊದಲೇ.

ಹೋದಾಗ ಸಾಬೂನನ್ನು ಚೀಲದಲ್ಲೇ ಬಿಡಿ. ಇನ್ನೊಂದು ಮಾತು: ಬೆಚ್ಚನೆಯ ನೀರಿನಲ್ಲಿ ನೆಗ್ಲೇರಿಯಾ ಎಂಬ ಅಮೀಬಾ ಇರಬಹುದು. ಅಪರೂಪ, ಆದರೆ ಮೂಗಿನ ಮೂಲಕ ಮಿದುಳಿಗೆ ಹೋದರೆ ಬದುಕುವುದು ಕಷ್ಟ. ಮಕ್ಕಳನ್ನು ಮುಳುಗಿಸಬೇಡಿ, ಚೊಂಬಿನಲ್ಲಿ ಮೈಮೇಲೆ ಸುರಿದರೆ ಸಾಕು.