ತಲೆಬುರುಡೆಗೆ ಕಟ್ಟಿದ ಬೆಲೆ

ಹಳೆಯ ಯೂರೋಪಿಯನ್ ಚಿತ್ರಗಳ ಹರಾಜುಪಟ್ಟಿಗಳಲ್ಲಿ ಇಂಥದ್ದೊಂದು ಆಗಾಗ ಕಾಣಿಸಿಕೊಳ್ಳುತ್ತದೆ: ಹದಿನೇಳನೆಯ ಶತಮಾನದ ಡಚ್ ಚಿತ್ರ, ಮೇಜಿನ ಮೇಲೆ ಒಂದು ತಲೆಬುರುಡೆ, ಆರಿದ ದೀಪ, ಗಡಿಯಾರ, ಮಾಸಿದ ಪುಸ್ತಕಗಳು, ಒಂದು ಕೊಳಲು, ಅಡಿಯಲ್ಲಿ ಅಂದಾಜು ಬೆಲೆ. ಸಿರಿ, ವಿದ್ಯೆ, ಕೀರ್ತಿ, ಸುಖ ಯಾವುದೂ ಸಾವಿನಾಚೆಗೆ ಜೊತೆ ಬರುವುದಿಲ್ಲ ಎಂದು ಹೇಳುವ ಈ ಬಗೆಯ ವಸ್ತುಚಿತ್ರಗಳನ್ನು ವ್ಯಾನಿಟಾಸ್ ಎನ್ನುತ್ತಾರೆ. ಬೈಬಲ್ಲಿನ ‘ಪ್ರಸಂಗಿ’ ಎಂಬ ಭಾಗ ಇವುಗಳ ಮೂಲಸೆಲೆ. ಸಂಪತ್ತು ಹುಸಿ ಎನ್ನುವ ಚಿತ್ರವನ್ನೇ ಸಂಪತ್ತು ಸುರಿದು ಕೊಳ್ಳುವುದನ್ನು ಕಂಡು ನಗು ಬರುವುದು ಸಹಜ. ನೀತಿ ಹೇಳಲು ಹುಟ್ಟಿದ ಚಿತ್ರವನ್ನು ಮುಂದೆ ಬಂದ ಮಾರುಕಟ್ಟೆ ಕೆಡಿಸಿತು ಎಂಬ ಊಹೆ ಆ ನಗುವಿನ ಹಿಂದಿದೆ. ಚರಿತ್ರೆ ಹೇಳುವುದು ಅದಕ್ಕೆ ವಿರುದ್ಧ. ಈ ಚಿತ್ರಗಳು ಹುಟ್ಟಿದ್ದೇ ಮಾರಾಟಕ್ಕೆ. ಕೊಳ್ಳಬಲ್ಲವನೊಬ್ಬ ಎದುರಿಗಿದ್ದರೆ ಮಾತ್ರ ಅವುಗಳ ಮಾತಿಗೆ ಪೂರ್ತಿ ಅರ್ಥ.

ನೆದರ್‌ಲ್ಯಾಂಡ್ಸ್‌ನಲ್ಲಿ 1566ರಲ್ಲಿ ಪ್ರಾಟೆಸ್ಟೆಂಟರ ಗುಂಪುಗಳು ಚರ್ಚುಗಳಿಗೆ ನುಗ್ಗಿ ಪ್ರತಿಮೆಗಳನ್ನೂ ಚಿತ್ರಗಳನ್ನೂ ಒಡೆದುಹಾಕಿದವು. ಮುಂದೆ ಉತ್ತರದ ಪ್ರಾಂತಗಳು ಸ್ಪೇನಿನಿಂದ ಬಿಡಿಸಿಕೊಂಡು ಕ್ಯಾಲ್ವಿನ್ ಪಂಥದ ಆಳ್ವಿಕೆ ನೆಲೆಯಾದಾಗ, ಪೂಜಾವೇದಿಕೆಗೆ ಚಿತ್ರ ಬರೆಸುವವರು ತೀರ ಕಡಿಮೆಯಾದರು. ದೊಡ್ಡ ಅರಮನೆಯ ಆಶ್ರಯವೂ ಅಲ್ಲಿ ಕಡಿಮೆ. ಹೀಗಾಗಿ ಚಿತ್ರಗಾರ ಮುಖ ಕಾಣದ ಗಿರಾಕಿಗಾಗಿ ಚಿತ್ರ ಬರೆದಿಟ್ಟು ಅಂಗಡಿಯಲ್ಲಿ, ಜಾತ್ರೆಯಲ್ಲಿ, ಲಾಟರಿಯಲ್ಲಿ, ಹರಾಜಿನಲ್ಲಿ ಮಾರಬೇಕಾಯಿತು. 1641ರಲ್ಲಿ ರಾಟರ್‌ಡ್ಯಾಮ್‌ನ ಜಾತ್ರೆಗೆ ಹೋದ ಇಂಗ್ಲಿಷ್ ಪ್ರವಾಸಿ ಜಾನ್ ಎವೆಲಿನ್, ರೈತರು ಕೂಡ ಚಿತ್ರಗಳಿಗೆ ಹಣ ಹಾಕುತ್ತಾರೆಂದು ಬೆರಗಾಗಿ ದಿನಚರಿಯಲ್ಲಿ ಬರೆದ. ಅದರಲ್ಲಿ ಉತ್ಪ್ರೇಕ್ಷೆಯಿದೆ, ಬೆರಗು ಮಾತ್ರ ನಿಜ. ಅರ್ಥಶಾಸ್ತ್ರಜ್ಞ ಜಾನ್ ಮೈಕೇಲ್ ಮಾಂಟಿಯಾಸ್ ಡೆಲ್ಫ್ಟ್ ನಗರದ ಮನೆವಸ್ತುಗಳ ಹಳೆಯ ಪಟ್ಟಿಗಳನ್ನು ಜಾಲಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದ. ಚಿತ್ರಗಳು ಅಲ್ಲಿ ಮೇಜು, ಮಂಚ, ಪಾತ್ರೆಗಳ ನಡುವೆಯೇ ಲೆಕ್ಕಕ್ಕೆ ಬಂದಿವೆ. ಕಂದು, ಬೂದುಗಳಂಥ ಕೆಲವೇ ಬಣ್ಣಗಳಲ್ಲಿ ಚುರುಕಾಗಿ ಬರೆಯುವ ರೀತಿಯಿಂದ ಸಮಯ ಉಳಿದು ಬೆಲೆ ತಗ್ಗಿತು ಎಂದು ನಿಸರ್ಗಚಿತ್ರಗಳ ವಿಷಯದಲ್ಲಿ ಆತ ವಾದಿಸಿದ್ದಾನೆ. ವಸ್ತುಚಿತ್ರಕ್ಕೂ ಆ ಮಾತು ಒಪ್ಪುತ್ತದೆಂದೇ ನನ್ನ ಎಣಿಕೆ. ಹಾರ್ಲೆಮ್‌ನ ಪೀಟರ್ ಕ್ಲಾಸ್ 1628ರಲ್ಲಿ ಬರೆದ ತಲೆಬುರುಡೆ ಮತ್ತು ಗರಿಲೇಖನಿಯ ಚಿತ್ರ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವುದು, ಸುಮಾರು 24 ಸೆಂಟಿಮೀಟರ್ ಎತ್ತರ, 36 ಸೆಂಟಿಮೀಟರ್ ಅಗಲದ ಹಲಗೆ. ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಒಯ್ಯಬಹುದಾದ ಸರಕು ಅದು.

ಚಿತ್ರದೊಳಗಿನ ವಸ್ತುಗಳೂ ಇದನ್ನೇ ಹೇಳುತ್ತವೆ. ಲೈಡನ್‌ನಲ್ಲಿ ಚಿತ್ರಕಲೆ ಕಲಿತ ಹಾರ್ಮೆನ್ ಸ್ಟೇನ್‌ವೈಕ್ ಸುಮಾರು 1640ರಲ್ಲಿ ಬರೆದ ವ್ಯಾನಿಟಾಸ್ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎಡಗಡೆಯ ಮೇಲಿನಿಂದ ಓರೆಯಾಗಿ ಇಳಿದ ಬೆಳಕು ಬುರುಡೆಯ ಮೇಲೆ ಬಿದ್ದಿದೆ. ಪಕ್ಕದಲ್ಲಿ ಪುಸ್ತಕ, ವಾದ್ಯ, ಗಡಿಯಾರ, ಆರಿದ ದೀಪ. ಜೊತೆಗೆ ಜಪಾನಿನ ಒಂದು ಕತ್ತಿ, ಬಿಸಿಲು ಸೀಮೆಯ ಕಡಲಿನ ಒಂದು ದೊಡ್ಡ ಶಂಖ. ಸಾವನ್ನು ನೆನಪಿಸಲು ಬುರುಡೆಯೊಂದೇ ಸಾಕಿತ್ತಲ್ಲ, ಜಪಾನಿನ ಕತ್ತಿ ಯಾಕೆ? 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿ 1609ರಿಂದ ಜಪಾನಿನ ಹಿರಾಡೊದಲ್ಲಿ ವ್ಯಾಪಾರ ನಡೆಸುತ್ತಿತ್ತು. 1639ರಲ್ಲಿ ಪೋರ್ಚುಗೀಸರನ್ನು ಹೊರಹಾಕಿದ ಮೇಲೆ ಅಲ್ಲಿ ಉಳಿದ ಯೂರೋಪಿಯನ್ನರು ಡಚ್ಚರು ಮಾತ್ರ. ಆ ಕತ್ತಿ, ಆ ಶಂಖ ಅಂದಿನ ಶ್ರೀಮಂತರು ಮುಗಿಬಿದ್ದು ಕೂಡಿಡುತ್ತಿದ್ದ ಅಪರೂಪದ ವಸ್ತುಗಳು. ಅವುಗಳ ಆಸೆಯೇ ಇಲ್ಲದವನಿಗೆ ಈ ಚಿತ್ರದ ಎಚ್ಚರಿಕೆ ತಟ್ಟುವುದಿಲ್ಲ. ನಮ್ಮ ವೈರಾಗ್ಯದ ಕಲ್ಪನೆಯನ್ನು ಇದರ ಮೇಲೆ ಹೊರಿಸಿದರೆ ದಾರಿ ತಪ್ಪುತ್ತೇವೆ. ಎಲ್ಲವನ್ನೂ ಬಿಟ್ಟು ಹೊರಡು ಎಂದು ಇದು ಹೇಳುತ್ತಿಲ್ಲ. ಇಟ್ಟುಕೋ, ಆದರೆ ನಿನ್ನದೆಂದು ನಂಬಬೇಡ ಎನ್ನುತ್ತಿದೆ. ದುಡಿದು ಗಳಿಸುವುದನ್ನು ತಪ್ಪೆನ್ನದೆ, ಗಳಿಸಿದ್ದರ ಮೇಲಿನ ಮೋಹವನ್ನು ಮಾತ್ರ ಶಂಕಿಸುತ್ತಿದ್ದ ವ್ಯಾಪಾರಿ ಸಮಾಜಕ್ಕೆ ಹೇಳಿ ಬರೆಸಿದಂಥ ಮಾತು ಇದು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ನೀತಿ ಬರೀ ನೆಪ. ಗಾಜಿನ ಹೊಳಪು, ಲೋಹದ ಮಿರುಗು, ಕಾಗದದ ಸುಕ್ಕುಗಳನ್ನು ಬರೆದು ತೋರಿಸುವುದೇ ಚಿತ್ರಗಾರನ ಉದ್ದೇಶ, ಅದನ್ನು ನೋಡಿ ಹಿಗ್ಗುವುದೇ ಗಿರಾಕಿಯ ಉದ್ದೇಶ ಎಂಬುದು. ವಿದ್ವಾಂಸರಲ್ಲೂ ಈ ಜಗಳವಿತ್ತು: ಎಡ್ಡಿ ಡೆ ಯೊಂಗ್ ಡಚ್ ಚಿತ್ರಗಳಲ್ಲಿ ಅಡಗಿದ ನೀತಿಸಂಕೇತಗಳನ್ನು ಬಿಡಿಸಿ ತೋರಿಸಿದರೆ, ಸ್ವೆಟ್ಲಾನಾ ಆಲ್ಪರ್ಸ್ 1983ರ ಪುಸ್ತಕದಲ್ಲಿ ಕಣ್ಣಿಗೆ ಕಂಡ ಲೋಕವನ್ನು ಬಣ್ಣಿಸುವುದೇ ಆ ಕಲೆಯ ಜೀವಾಳ ಎಂದರು. ಬೇರೆ ಡಚ್ ಚಿತ್ರಗಳ ಮಟ್ಟಿಗೆ ಆಲ್ಪರ್ಸ್ ಮಾತಿಗೆ ತೂಕವಿದೆ. ಆದರೆ ಬರೀ ಹೊಳಪು ಬೇಕಾದವನಿಗೆ ಬುರುಡೆಯಿಲ್ಲದ ಚಿತ್ರಗಳೂ ಸಿಗುತ್ತಿದ್ದವು. ವಿಲ್ಲೆಮ್ ಕಾಲ್ಫ್ ಬರೆದ ಚೀನೀ ಪಿಂಗಾಣಿ, ಬೆಳ್ಳಿ ತಟ್ಟೆ, ಸಿಪ್ಪೆ ಸುಲಿದ ನಿಂಬೆಯ ಚಿತ್ರಗಳಿಗೆ ಅದೇ ಸಮಾಜದಲ್ಲಿ ಮೆಚ್ಚುಗೆಯಿತ್ತು. ಹಾಗಿದ್ದೂ ಬುರುಡೆಯ ಚಿತ್ರವನ್ನೇ ಗೋಡೆಗೆ ತಂದವನು ಆ ಚುಚ್ಚುಮಾತನ್ನೂ ಬೇಕೆಂದೇ ಕೊಂಡಿದ್ದಾನೆ. ಇನ್ನು ಹೊಳಪು ನೀತಿಗೆ ಎದುರಾಳಿಯೂ ಅಲ್ಲ. ಕಣ್ಣು ಮೊದಲು ಸೋಲದಿದ್ದರೆ ಎಚ್ಚರಿಕೆಗೆ ಕೆಲಸವೇ ಇಲ್ಲ. ಲೈಡನ್‌ನ ಡೇವಿಡ್ ಬೈಲಿ ಇದನ್ನು ಬಲ್ಲವನು. ಲೈಡನ್‌ನ ಲಾಕೆನ್‌ಹಾಲ್ ಮ್ಯೂಸಿಯಮ್ಮಿನಲ್ಲಿರುವ ಅವನ 1651ರ ಚಿತ್ರದಲ್ಲಿ ಒಬ್ಬ ಯುವ ಚಿತ್ರಗಾರ ಹಿರಿವಯಸ್ಸಿನವನ ಸಣ್ಣ ಭಾವಚಿತ್ರವೊಂದನ್ನು ಹಿಡಿದು ಕೂತಿದ್ದಾನೆ. ಸಾಮಾನ್ಯವಾಗಿ ಒಪ್ಪಿರುವಂತೆ ಇಬ್ಬರೂ ಬೈಲಿಯೇ. ಬರೆಯುವಾಗ ಅವನಿಗೆ ಅರುವತ್ತೇಳರ ಆಸುಪಾಸು. ಮೇಜಿನ ಮೇಲೆ ನಾಣ್ಯ, ಮುತ್ತು, ಬುರುಡೆಗಳ ಸಾಲಿನಲ್ಲೇ ಚಿತ್ರಗಳೂ ಪ್ರತಿಮೆಗಳೂ ಇವೆ. ಹುಸಿಯಾದುವುಗಳ ಲೆಕ್ಕದಿಂದ ತನ್ನ ಕಸುಬನ್ನೂ ಅವನು ಹೊರಗಿಟ್ಟಿಲ್ಲ. ಮಾರಾಟದ ವಸ್ತು ತನ್ನನ್ನೇ ಆಡಿಕೊಳ್ಳುವುದು ಇಂದಿನ ಹರಾಜುಗಳ ಶೋಧನೆಯಲ್ಲ.

ಇಂದಿನ ಮಾರಾಟದಲ್ಲಿ ಹೊಸದೇನಾದರೂ ಇದ್ದರೆ ಅದು ಹೆಸರಿನ ಬೆಲೆ. ಚಿತ್ರ ಇಂಥವನದೇ, ಇಂಥವನದೆಂದು ನಂಬಲಾದುದು, ಅವನ ಕಾರ್ಯಶಾಲೆಯದು, ಅವನ ಬಳಗದವರದು, ಅವನ ಹಾದಿ ಹಿಡಿದವನದು, ಅವನ ಚಿತ್ರ ನೋಡಿ ನಕಲು ಮಾಡಿದ್ದು ಎಂದು ಹರಾಜುಪಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಒಂದೊಂದು ಮೆಟ್ಟಿಲಿಗೂ ಸಾಮಾನ್ಯವಾಗಿ ಬೆಲೆ ಇಳಿಯುತ್ತದೆ. ಓಕ್ ಹಲಗೆಯ ಬೆಳವಣಿಗೆಯ ಉಂಗುರಗಳನ್ನು ಎಣಿಸಿ, ಆ ಹಲಗೆ ಯಾವ ವರ್ಷಕ್ಕಿಂತ ಮೊದಲು ಬಳಕೆಗೆ ಬಂದಿರಲಾರದು ಎಂದು ಹೇಳಬಹುದು. ಅದರ ಮೇಲೆ ಕುಂಚ ಆಡಿಸಿದ ಕೈ ಯಾರದೆಂದು ಆ ಉಂಗುರಗಳು ಹೇಳುವುದಿಲ್ಲ. ಕೀರ್ತಿ ಉಳಿಯದು ಎನ್ನಲು ಲಾರೆಲ್ ಎಲೆಯ ಕಿರೀಟ ಬರೆಯುತ್ತಿದ್ದ ಈ ಪ್ರಕಾರದಲ್ಲಿ ಕೀರ್ತಿಯೇ ಬೆಲೆ ನಿರ್ಧರಿಸುವುದು ತಮಾಷೆಯೇ ಸರಿ. ಎಡ್ವಾರ್ಟ್ ಕಾಲಿಯರ್ ಮಾತ್ರ ಈ ತಮಾಷೆಯನ್ನು ತಾನೇ ಆಡಿದ್ದಾನೆ ಅನ್ನಿಸುತ್ತದೆ: ಲೈಡನ್ನಿನಿಂದ ಲಂಡನ್ನಿಗೆ ಹೋಗಿ ಅಲ್ಲಿಯ ಗಿರಾಕಿಗಳಿಗೆ ಇಂಗ್ಲಿಷ್ ಪುಸ್ತಕಗಳನ್ನಿಟ್ಟು ವ್ಯಾನಿಟಾಸ್ ಬರೆದ ಅವನು, ಎಷ್ಟೋ ಸಲ ತನ್ನ ಸಹಿಯನ್ನು ಚಿತ್ರದೊಳಗಿನ ಕಾಗದದ ಚೂರಿನ ಮೇಲೆಯೇ ಹಾಕಿದ.

ಇಂಥವು ಮ್ಯೂಸಿಯಮ್ಮಿಗೆ ಸೇರಲಿ, ಖಾಸಗಿ ಗೋಡೆಗೆ ಬೇಡ ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ಅಲ್ಲಿ ಎಲ್ಲರೂ ನೋಡಬಹುದು, ತಜ್ಞರು ಅಭ್ಯಾಸ ಮಾಡಬಹುದು. ಆದರೆ ಮ್ಯೂಸಿಯಮ್ಮಿನ ನೋಡುಗನಿಗೆ ಆ ಹಲಗೆಯ ಮೇಲೆ ಒಡೆತನವಿಲ್ಲ. ನಾಲ್ಕು ಶತಮಾನದ ಹಿಂದಿನ ಯಾವನೋ ವ್ಯಾಪಾರಿಗೆ ಬುದ್ಧಿ ಹೇಳುತ್ತಿರುವುದನ್ನು ಅವನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ, ಅಷ್ಟೆ. ಚಿತ್ರ ಯಾರನ್ನು ಉದ್ದೇಶಿಸಿ ಮಾತಾಡುತ್ತಿತ್ತೋ ಆ ಜಾಗದಲ್ಲಿ ನಿಜವಾಗಿ ನಿಲ್ಲುವವನು, ಹಣ ತೆತ್ತು ಅದನ್ನು ಮನೆಗೊಯ್ದು, ಮುಂದೆ ಅದು ಯಾರ ಪಾಲಿಗೆ ಹೋಗಬೇಕೆಂದು ಉಯಿಲಿನಲ್ಲಿ ಬರೆಯಬೇಕಾದವನು.