ಮೊದಲು ಟೈರು, ಆಮೇಲೆ ಫೋರ್ಕು: ಎಂಟಿಬಿಯನ್ನ ಟ್ಯೂಬ್‌ಲೆಸ್ ಮಾಡೋದು ಹೇಗೆ?

ಪುಣೆಯಲ್ಲಿ ಸೈಕಲ್ ಹೊಡೆಯೋ ನಮ್ಮವರಿಗೆ ವೇತಾಳ ಟೇಕಡಿ ಗೊತ್ತೇ ಇರುತ್ತೆ. ಮಳೆಗಾಲ ಮುಗಿದು ಹುಲ್ಲು ಒಣಗಿತು ಅಂದ್ರೆ ಅಲ್ಲಿ ಜಾಲಿ ಮುಳ್ಳಿನ ಕಾಟ. ಒಂದು ಭಾನುವಾರ ಒಂದೇ ರೈಡಲ್ಲಿ ಮೂರು ಪಂಕ್ಚರ್ ಆಯ್ತು. ಸ್ಪೇರ್ ಟ್ಯೂಬು, ಉಳಿದಿದ್ದ ಒಂದೇ ಪ್ಯಾಚು, ಎರಡೂ ಖರ್ಚಾದ್ಮೇಲೆ ಸೈಕಲ್ ತಳ್ಕೊಂಡೇ ಗುಡ್ಡ ಇಳಿದೆ. ಹೊಟ್ಟೆ ಉರಿದಿದ್ದು ಮುಳ್ಳಿಗಲ್ಲ. ಹಿಂದಿನ ತಿಂಗಳಷ್ಟೇ ಬೋನಸ್ ದುಡ್ಡಲ್ಲಿ ಹೊಸ ಡಿರೇಲರ್ ಹಾಕ್ಸಿದ್ದೆ. ಗೇರು ಬೆಣ್ಣೆ ಥರ ಬೀಳ್ತಿತ್ತು, ಚಕ್ರ ಮಾತ್ರ ಚಪ್ಪಟೆ.

ಟ್ಯೂಬ್ ಇರೋ ಚಕ್ರಕ್ಕೆ ಮುಳ್ಳು ಒಂದೇ ಶತ್ರು ಅಲ್ಲ. ಗಾಳಿ ಕಮ್ಮಿ ಇದ್ದು ಕಲ್ಲಿಗೆ ಹೊಡೆದ್ರೆ, ರಿಮ್ಮಿಗೂ ಕಲ್ಲಿಗೂ ಮಧ್ಯೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತೆ. ಆ ಭಯಕ್ಕೆ ಗಾಳಿ ಜಾಸ್ತಿ ತುಂಬ್ತೀವಿ; ಆಗ ಟೈರು ಕಲ್ಲಿನ ಮೇಲೆ ಪುಟಿಯುತ್ತೆ, ಗ್ರಿಪ್ ಹೋಗುತ್ತೆ. ಟ್ಯೂಬ್‌ಲೆಸ್ಸಲ್ಲಿ ಕಚ್ಚಿಸ್ಕೊಳ್ಳೋಕೆ ಟ್ಯೂಬೇ ಇಲ್ಲ. ಮುಳ್ಳಿನ ತೂತನ್ನ ಒಳಗಿರೋ ಸೀಲಂಟ್ ಮುಚ್ಚುತ್ತೆ: ಅದು ಲೇಟೆಕ್ಸ್ ದ್ರವ, ಗಾಳಿ ಜೊತೆ ತೂತಿಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತೆ. ನನ್ನ ತೂಕ 70 ಕೆಜಿ, ಟೈರು 2.25 ಇಂಚು. ಮೊದಲು 35 ಪಿಎಸ್‌ಐ ಇಡ್ತಿದ್ದೆ, ಈಗ ಮುಂದೆ 22, ಹಿಂದೆ 25.

ದುಡ್ಡು ಹಾಕೋ ಮೊದಲು ಟೈರು, ರಿಮ್ಮು ಎರಡೂ ‘ಟ್ಯೂಬ್‌ಲೆಸ್ ರೆಡಿ’ ಹೌದಾ ನೋಡಿ. ಅಲ್ಲದಿದ್ರೆ ಬಲವಂತ ಬೇಡ. ತಿರುವಲ್ಲಿ ಟೈರು ರಿಮ್ಮಿಂದ ಕಳಚಿದ್ರೆ ಹೋಗೋದು ನಿಮ್ಮ ಹಲ್ಲು. ವಾಲ್ವ್ ತೂತನ್ನೂ ನೋಡಿ. ಕಡಿಮೆ ಬೆಲೆಯ ಎಷ್ಟೋ ಸೈಕಲ್‌ಗಳಲ್ಲಿ ಅದು ಕಾರಿನ ವಾಲ್ವಿನ ಅಳತೆ, ಸುಮಾರು 8.5 ಎಂಎಂ. ಪ್ರೆಸ್ಟಾ ವಾಲ್ವಿಗೆ ಬೇಕಾಗಿರೋದು 6.5. ನಾನು ಇದನ್ನ ನೋಡದೆ ತರಿಸಿ ವಾಪಸ್ ಕಳಿಸಿದ್ದೀನಿ.

ಕೆಲಸ ನಿಂತಿರೋದು ಟೇಪಿನ ಮೇಲೆ. ಕಾರಿನ ರಿಮ್ಮಿನ ಹಾಗಲ್ಲ, ನಮ್ಮದರಲ್ಲಿ ಕಡ್ಡಿಗೊಂದು ತೂತು, ಎಲ್ಲಾನೂ ಮುಚ್ಚಬೇಕು. ರಿಮ್ಮಿನ ಒಳ ಅಗಲಕ್ಕಿಂತ 2–3 ಎಂಎಂ ಜಾಸ್ತಿ ಇರೋ ಟೇಪ್ ತಗೊಳ್ಳಿ. ಹಳೇ ರಬ್ಬರ್ ಪಟ್ಟಿ ಕಿತ್ತು, ಸ್ಪಿರಿಟ್ ಹಾಕಿ ಒರೆಸಿ. ನಾನು ಮೊದಲ ಸಲ ಒರೆಸಲಿಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಬಾಡಿಗೆ ಮನೆ ಬಾಲ್ಕನಿ ತುಂಬ ಬಿಳಿ ಸೀಲಂಟು. ಬಿಗಿಯಾಗಿ ಎಳೆದು ಅಂಟಿಸಿ, ತುದಿ ನಾಲ್ಕು ಇಂಚು ಮೇಲೆ ಹಾಯ್ಲಿ. ವಾಲ್ವ್ ಜಾಗದಲ್ಲಿ ಕಾಯಿಸಿದ ದಬ್ಬಳದಿಂದ ತೂತು ಮಾಡಿ, ಬ್ಲೇಡಲ್ಲಿ ಕೊಯ್ದರೆ ಸೀಳು ಬೆಳೆಯುತ್ತೆ.

ಆಮೇಲೆ ಟ್ಯೂಬ್ ಹಾಕಿ ಒಂದು ರಾತ್ರಿ ಗಾಳಿ ತುಂಬಿಡಿ. ಬೆಳಗ್ಗೆ ಒಂದು ಬದಿ ಮಾತ್ರ ಬಿಚ್ಚಿ ಟ್ಯೂಬ್ ಎಳ್ಕೊಂಡು, ಟ್ಯೂಬ್‌ಲೆಸ್ ವಾಲ್ವ್ ಕೂರಿಸಿ. ಇನ್ನೊಂದು ಬದಿ ಆಗ್ಲೇ ಕೂತಿರುತ್ತೆ, ಅರ್ಧ ಕೆಲಸ ಮುಗೀತು. ಬಿಚ್ಚಿದ ಅಂಚಿಗೆ ಸೋಪ್ ನೀರು ಸವರಿ, ವಾಲ್ವಿನ ಒಳಗಿನ ಕೋರ್ ತೆಗೆದು ಜೋರಾಗಿ ಪಂಪ್ ಹೊಡೀರಿ. ಟಪ್ ಟಪ್ ಅಂತ ಕೂರುತ್ತೆ. ಟೈರು, ರಿಮ್ಮಿನ ಮೇಲೆ ಬರೆದಿರೋ ಮಿತಿ ದಾಟಬೇಡಿ. ಗಾಳಿ ಬಿಟ್ಟು, ವಾಲ್ವ್ ಮೂಲಕವೇ 29 ಇಂಚಿನ ಚಕ್ರಕ್ಕೆ ಸುಮಾರು 100 ಎಂಎಲ್ ಸೀಲಂಟ್ ಹಾಕಿ, ಕೋರ್ ತಿರುಗಿಸಿ, ಮತ್ತೆ ಗಾಳಿ ತುಂಬಿ, ಚಕ್ರವನ್ನ ಎಲ್ಲಾ ಕಡೆ ಅಲ್ಲಾಡಿಸಿ. ನಮ್ಮ ಬಿಸಿಲಿಗೆ ಅದು ಒಣಗುತ್ತೆ, ಎರಡು ಮೂರು ತಿಂಗಳಿಗೊಮ್ಮೆ ತೆರೆದು ನೋಡಿ.

ಮುಂದಿನ ದುಡ್ಡು? ಬ್ರೇಕ್ ಪ್ಯಾಡು, ಅಗಲವಾದ ಪೆಡಲ್ಲು, ಒಳ್ಳೇ ಹಿಡಿ. ಫೋರ್ಕಿಗೆ ಕೈ ಹಾಕ್ಬೇಡಿ: ಕೆಲವೊಮ್ಮೆ ಅದರ ಬೆಲೆ ಸೈಕಲ್ಲಿನ ಅರ್ಧ, ಮೇಲಾಗಿ ಹಳೇ ಫ್ರೇಮಿನ ನೇರ ಹೆಡ್‌ಟ್ಯೂಬಿಗೆ ಈಗಿನ ಟೇಪರ್ಡ್ ಫೋರ್ಕ್ ಕೂರೋದೇ ಇಲ್ಲ. ಡಿರೇಲರ್ ವಿಷಯ ನನ್ನ ಕೇಳ್ಬೇಡಿ.

ಒಂದು ಸ್ಪೇರ್ ಟ್ಯೂಬ್ ಮಾತ್ರ ಬ್ಯಾಗಲ್ಲಿ ಇರ್ಲಿ. ದೊಡ್ಡ ಸೀಳಿಗೆ ಅದೇ ಗತಿ. ಹಾಕೋ ಮುಂಚೆ ಟೈರಿನ ಒಳಗೆ ಹುಷಾರಾಗಿ ಬೆರಳಾಡಿಸಿ: ಸೀಲಂಟ್ ಮುಚ್ಚಿಟ್ಟಿದ್ದ ಹಳೇ ಮುಳ್ಳೆಲ್ಲ ಅಲ್ಲೇ ಇರುತ್ತೆ, ಒಂದೊಂದಾಗಿ ಕೀಳ್ಬೇಕು.