ಬಾಖ್ ಅವರಿಗೆ ಸಂಗೀತವು ವೃತ್ತಿಯೂ ಹೌದು, ಆರಾಧನೆಯೂ ಹೌದು
ಚರ್ಚಿನಲ್ಲಿ ಹಾಡುವ ಮಗುವು ಸಂಗೀತವನ್ನೇ ವೃತ್ತಿಯಾಗಿ ಆರಿಸಿಕೊಳ್ಳುವೆನೆಂದಾಗ, ಭಕ್ತಿಗೂ ಸಂಬಳವೇ ಎಂಬ ಪ್ರಶ್ನೆ ಮನೆಗಳಲ್ಲಿ ಏಳುವುದನ್ನು ನಾವು ಬಲ್ಲೆವು. ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ಅವರ ಬದುಕು ಇಲ್ಲಿ ನೆನಪಾಗುತ್ತದೆ.

ಹತ್ತು ತುಂಬುವ ಮೊದಲೇ ತಂದೆತಾಯಿಗಳನ್ನು ಕಳೆದುಕೊಂಡು ಅಣ್ಣನ ಆಶ್ರಯದಲ್ಲಿ ಬೆಳೆದ ಅವರು 1723ರಲ್ಲಿ ಲೈಪ್‌ಜಿಗ್‌ನ ಸಂತ ತೋಮಸ್ ಶಾಲೆಗೆ ಸಂಗೀತ ಗುರುವಾಗಿ ಬಂದರು. ಹುಡುಗರಿಗೆ ಹಾಡು ಕಲಿಸಿ, ಅವರಿಂದಲೇ ಭಾನುವಾರದ ಆರಾಧನೆಯಲ್ಲಿ ಹಾಡಿಸುವುದು ಅವರ ಹೊಣೆ. ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ‘ಕಂಟಾಟ’ ಎಂಬ ಗೇಯಕೃತಿಯನ್ನು ಸಿದ್ಧಪಡಿಸಿದರು. ಇಂದು ಉಳಿದಿರುವವು ಸುಮಾರು 200. ಬಹುಪಾಲು ಲ್ಯಾಟಿನ್‌ನಲ್ಲಲ್ಲ, ಜನರ ನುಡಿಯಾದ ಜರ್ಮನ್‌ನಲ್ಲಿವೆ. ಕನ್ನಡ ಶಾಲೆಯವರಾದ ನಮಗೆ ಇದು ಸಣ್ಣ ಸಂಗತಿಯಲ್ಲ.

ಎಷ್ಟೋ ಹಸ್ತಪ್ರತಿಗಳ ತಲೆಯಲ್ಲಿ ‘ಯೇಸುವೇ, ನೆರವಾಗು’, ಕೊನೆಯಲ್ಲಿ ‘ದೇವರೊಬ್ಬನಿಗೇ ಮಹಿಮೆ’ ಎಂಬರ್ಥದ ಲ್ಯಾಟಿನ್ ಮೊದಲಕ್ಷರಗಳನ್ನು ಅವರು ಬರೆದಿದ್ದಾರೆ. 1720ರಲ್ಲಿ ಒಂಬತ್ತು ವರ್ಷದ ಮಗನಿಗಾಗಿ ತೆರೆದ ಅಭ್ಯಾಸಪುಸ್ತಕದಲ್ಲಿ, ಬರಿಯ ಬೆರಳಿನ ಪಾಠದ ಮೇಲೆಯೂ ಯೇಸುವಿನ ನಾಮಸ್ಮರಣೆಯಿದೆ.

ಹಾಗೆಂದು ಹಣದ ಮಾತಿಗೆ ಅವರು ಸಂಕೋಚಪಟ್ಟವರಲ್ಲ. ವರಮಾನದ ಒಂದು ಪಾಲು ಶವಸಂಸ್ಕಾರಗಳ ಸಂಗೀತದಿಂದ ಬರುತ್ತಿತ್ತು. ಊರಿನಲ್ಲಿ ಆರೋಗ್ಯಕರ ಗಾಳಿ ಬೀಸಿದರೆ ತಮ್ಮ ಗಳಿಕೆ ಕುಗ್ಗುತ್ತದೆಂದು 1730ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ತೋಡಿಕೊಂಡಿದ್ದಾರೆ. ಅವರ ಭಕ್ತಿಯನ್ನು ಮಕ್ಕಳಿಗೆ ಹೇಳುವಾಗ ಈ ಪತ್ರವನ್ನು ಮರೆಮಾಚಬಾರದೆಂದೇ ನಮ್ಮ ಅಭಿಪ್ರಾಯ. ಅದರ ಹಿಂದಿನ ವರ್ಷದಿಂದಲೇ ಅವರು ಅದೇ ಊರಿನ ಕಾಫಿಮನೆಯೊಂದರಲ್ಲಿ ವಾದ್ಯಗೋಷ್ಠಿಗಳನ್ನೂ ನಡೆಸುತ್ತಿದ್ದರು.